ಕಿಟ್ ಅಟ್ಟದಿಂದ ಇಳಿಸಿ, ಆರ್ಡುಯಿನೋ ಸದ್ಯಕ್ಕೆ ಪಕ್ಕಕ್ಕಿಡಿ

ಪ್ರಶ್ನೆ: ನನಗೆ ಇಬ್ಬರು ಮಕ್ಕಳು. ಮಗನಿಗೆ 10, ಮಗಳಿಗೆ 6. ಹೋದ ಬೇಸಿಗೆ ರಜೆಯಲ್ಲಿ ಆನ್‌ಲೈನಿನಲ್ಲಿ ಒಂದು ರೋಬೋಟ್ ಕಿಟ್ ತರಿಸಿದೆ. ಆರ್ಡುಯಿನೋ (ಕೋಡ್ ಹಾಕಿ ಗಾಡಿ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್), ಎರಡು ಮೋಟರ್, ಚಕ್ರ, ಎದುರಿಗೆ ಏನಿದೆ ಅಂತ ನೋಡುವ ಒಂದು ಸೆನ್ಸರ್, ಒಂದು ಕಂತೆ ವೈರ್ ಎಲ್ಲ ಇತ್ತು. ಯೂಟ್ಯೂಬ್ ನೋಡಿಕೊಂಡು ನಾನೇ ಜೋಡಿಸಿ, ಅವರು ಕೊಟ್ಟಿದ್ದ ಕೋಡ್ ಹಾಕಿದೆ. ಐದು ನಿಮಿಷ ಅಡ್ಡಾದಿಡ್ಡಿ ಓಡಿ ನಿಂತುಹೋಯಿತು. ಈಗ ಅಟ್ಟದ ಮೇಲಿದೆ. ಮಗನಿಗೆ ಆಸಕ್ತಿ ಇದೆ, ಆದರೆ ತಂಗಿಯನ್ನು ಹತ್ತಿರ ಬಿಡುವುದಿಲ್ಲ. ನಮ್ಮ ಏರಿಯಾದಲ್ಲಿ ಈಗ ರೋಬೋಟಿಕ್ಸ್ ಕ್ಲಾಸ್ ಶುರುವಾಗಿದೆ, ಮೂರು ತಿಂಗಳಿಗೆ 18,000 ರೂಪಾಯಿ ಕೇಳುತ್ತಾರೆ. ಸೇರಿಸಲಾ, ಇಲ್ಲ ಮನೆಯಲ್ಲೇ ಕಲಿಸಬಹುದಾ? ನಾನು ಓದಿದ್ದು ಬಿ.ಕಾಂ., ಎಲೆಕ್ಟ್ರಾನಿಕ್ಸ್ ಗಂಧಗಾಳಿ ಇಲ್ಲ. (ಹಾಸನದ ಓದುಗರೊಬ್ಬರು)

ಉತ್ತರ:

ಮೊದಲು ಸಮಾಧಾನ ಮಾಡಿಕೊಳ್ಳಿ. ಗಾಡಿ ನಿಂತಿದ್ದಕ್ಕೂ ನಿಮ್ಮ ಬಿ.ಕಾಂ.ಗೂ ಸಂಬಂಧ ಇಲ್ಲ. ಕಿಟ್ ಜೊತೆ ಬಂದಿದ್ದು ಚೌಕದ 9 ವೋಲ್ಟಿನ ಬ್ಯಾಟರಿ ಅಲ್ವಾ? ನೀವು ಬರೆದಿಲ್ಲ, ಆದರೆ ರೋಗಲಕ್ಷಣ ಅದರದ್ದೇ. 9 ಅಂದ ಕೂಡಲೇ ಜಾಸ್ತಿ ಶಕ್ತಿ ಅನ್ನಿಸುತ್ತದೆ. ಮಹಡಿ ಮೇಲೆ ದೊಡ್ಡ ಟ್ಯಾಂಕ್ ಇದ್ದು ಕೆಳಗೆ ಬರುವ ಪೈಪು ಜ್ಯೂಸ್ ಕುಡಿಯುವ ಸ್ಟ್ರಾದಷ್ಟು ಸಣ್ಣದಿದ್ದರೆ ಬಕೆಟ್ ಯಾವಾಗ ತುಂಬಬೇಕು? ವೋಲ್ಟೇಜ್ ಅಳೆಯುವ ಮಲ್ಟಿಮೀಟರ್‌ನಂಥ ಸ್ವಲ್ಪವೇ ಕರೆಂಟ್ ಎಳೆಯುವ ಸಾಮಾನಿಗೆ ಆ ಬ್ಯಾಟರಿ ಸರಿ. ಎರಡು ಮೋಟರ್ ಒಟ್ಟಿಗೆ ಎಳೆದರೆ ವೋಲ್ಟೇಜ್ ಕುಸಿಯುತ್ತದೆ, ಆರ್ಡುಯಿನೋ ಆಫ್ ಆಗಿ ಮತ್ತೆ ಆನ್ ಆಗುತ್ತದೆ, ಗಾಡಿ ಗಕ್ ಗಕ್ ಅನ್ನುತ್ತದೆ, ಆಮೇಲೆ ಮೌನ. ನಾನು ಮಕ್ಕಳಿಗೆ ಕಲಿಸಲು ಶುರು ಮಾಡಿದ ಮೊದಲ ಭಾನುವಾರ ಎಂಟು ಗಾಡಿಗೂ ಅದನ್ನೇ ಹಾಕಿದ್ದೆ. ಕಾಲು ಗಂಟೆಯೊಳಗೆ ಎಂಟೂ ಮಲಗಿದವು. ಅವತ್ತು ಉಳಿದ ಹೊತ್ತೆಲ್ಲ ಮಕ್ಕಳಿಗೆ ಕಥೆ ಹೇಳಿ ಕಳಿಸಿದ್ದು. ನಾನು ಓದಿದ್ದು ಇಂಜಿನಿಯರಿಂಗ್!

ನಾಲ್ಕು ಮಾಮೂಲಿ ಎಎ ಸೆಲ್ ಹಾಕಿ. ತಲಾ ಒಂದೂವರೆ ವೋಲ್ಟ್, ಒಟ್ಟು 6. ಮೋಟರ್ ಖುಷಿಯಾಗಿ ತಿರುಗುತ್ತದೆ.

ಬ್ಯಾಟರಿ ವಿಷಯ ಮುಗಿಯಿತು. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಮಾತು, "ನಾನೇ ಜೋಡಿಸಿ, ಅವರು ಕೊಟ್ಟಿದ್ದ ಕೋಡ್ ಹಾಕಿದೆ" ಅನ್ನುವುದು. ಹಾಗಾದರೆ ಮಗ ಏನು ಮಾಡಿದ? ನೋಡಿದ. ಚೆನ್ನಾಗಿ ಓಡಿದ್ದರೂ ನೋಡುತ್ತಿದ್ದ, ಎರಡು ದಿನಕ್ಕೆ ಬೇಜಾರಾಗಿ ಬಿಡುತ್ತಿದ್ದ. ಒಂದು ಲೆಕ್ಕದಲ್ಲಿ ನಿಂತಿದ್ದೇ ಒಳ್ಳೆಯದಾಯಿತು. ಯಾಕೆ ನಿಂತಿತು, ಯಾಕೆ ಅಡ್ಡಾದಿಡ್ಡಿ ಓಡಿತು ಅನ್ನುವುದರಲ್ಲೇ ಇಡೀ ಪಾಠ ಇದೆ, ಅದನ್ನು ಅವನ ಕೈಗೆ ಕೊಡಬೇಕು ಅಷ್ಟೇ. ಕೊಡುವುದು ಹೇಗೆ ಅಂತ ಮಗಳಿಂದ ಶುರು ಮಾಡಿ ಹೇಳುತ್ತೇನೆ. ಹೌದು, ಮಗಳಿಂದಲೇ.

ಆರು ವರ್ಷದವಳಿಗೆ ಸ್ಕ್ರೀನ್ ಬೇಡ, ಕಿಟ್ಟೂ ಬೇಡ. ನಿಮ್ಮ ಮನೆಯ ಹಾಲಿಗೆ ಟೈಲ್ಸ್ ಹಾಕಿಸಿದ್ದೀರಲ್ಲ, ಅದೇ ಸಾಕು. ಅಣ್ಣ ರೋಬೋಟ್, ತಂಗಿ ಯಜಮಾನಿ. ಒಂದು ಮೂಲೆಯಲ್ಲಿ ಅಣ್ಣನನ್ನು ನಿಲ್ಲಿಸಿ, ಇನ್ನೊಂದು ಕಡೆ ಒಂದು ಲೋಟ ಇಡಿ, ನಡುವೆ ಒಂದೆರಡು ದಿಂಬು ಅಡ್ಡ ಹಾಕಿ. ತಂಗಿ ಹೇಳಬಹುದಾದ್ದು ಮೂರೇ ಮಾತು, ಒಂದು ಟೈಲ್ಸ್ ಮುಂದೆ, ಎಡಕ್ಕೆ ತಿರುಗು, ಬಲಕ್ಕೆ ತಿರುಗು. ರೋಬೋಟ್ ತಾನಾಗಿ ಯೋಚನೆ ಮಾಡುವ ಹಾಗಿಲ್ಲ. ದಿಂಬಿಗೆ ಕಾಲು ತಾಗಿದರೂ ಹೇಳಿದ್ದೇ ಮಾಡಬೇಕು.

ಈ ಆಟದಲ್ಲಿ ಒಂದು ಗಳಿಗೆ ಬಂದೇ ಬರುತ್ತದೆ, ಅದಕ್ಕೆ ಕಾಯುತ್ತಿರಿ. ನನ್ನ ಹತ್ತಿರ ಬರುವ ಒಬ್ಬಳು ಪುಟ್ಟಿ ಇದ್ದಳು, ಒಂದನೇ ಕ್ಲಾಸು. ರೋಬೋಟ್ ಆಗಿದ್ದ ಹುಡುಗನ ಎದುರಿಗೆ ನಿಂತು "ಎಡಕ್ಕೆ" ಅಂದಳು. ಅವನು ತನ್ನ ಎಡಕ್ಕೆ ತಿರುಗಿದ. ಅವಳಿಗೆ ಅದು ಬಲ. "ಅಯ್ಯೋ, ಎಡಕ್ಕೆ ಕಣೋ!" ಅವನು ಇನ್ನೊಮ್ಮೆ ಎಡಕ್ಕೆ ತಿರುಗಿದ, ಈಗ ಅವಳಿಗೆ ಬೆನ್ನು ಹಾಕಿದ್ದ. ಅಳು ಬರುವ ಹಾಗಾಯಿತು ಅವಳಿಗೆ. ನನ್ನ ಕಡೆ ನೋಡಿದಳು, ನಾನು ಸೀಲಿಂಗ್ ಫ್ಯಾನ್ ನೋಡಿದೆ. ಸ್ವಲ್ಪ ಹೊತ್ತು ತನ್ನ ಎರಡೂ ಕೈ ನೋಡಿಕೊಂಡಳು. ಆಮೇಲೆ ಏನೂ ಮಾತಾಡದೆ ಸುತ್ತಿ ಹೋಗಿ ಅವನ ಹಿಂದೆ ನಿಂತಳು. ಅಲ್ಲಿಂದ ಮುಂದೆ ಅವನು ತಿರುಗಿದಾಗೆಲ್ಲ ಅವಳೂ ತಿರುಗುತ್ತಿದ್ದಳು. ರೋಬೋಟಿನ ಎಡ ಅಂದರೆ ರೋಬೋಟಿನ ಎಡ, ನನ್ನದಲ್ಲ. ಇದನ್ನು ನಾನು ಬೋರ್ಡ್ ಮೇಲೆ ಬರೆದು ಹತ್ತು ಸಲ ಹೇಳಿದ್ದರೂ ಹೋಗುತ್ತಿರಲಿಲ್ಲ.

ಇದು ನನ್ನ ತಲೆಯಿಂದ ಬಂದದ್ದೇನಲ್ಲ. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫೋಯರ್ಜೀಗ್ ಸೇರಿ ಮಕ್ಕಳಿಗೆ ಅಂತಲೇ ಲೋಗೋ ಅನ್ನುವ ಕಂಪ್ಯೂಟರ್ ಭಾಷೆ ಮಾಡಿದರು. ಸ್ವಲ್ಪ ಸಮಯದಲ್ಲೇ ಆ ಭಾಷೆ ಕೇಳಿ ನೆಲದ ಮೇಲೆ ಓಡಾಡುವ ಒಂದು ರೋಬೋಟ್ ಬಂತು. ಅದಕ್ಕೆ ಆಮೆ ಅಂತ ಹೆಸರು. ಹೊಟ್ಟೆಯಡಿ ಪೆನ್ ಕಟ್ಟಿಕೊಂಡು ಗೆರೆ ಎಳೆಯುತ್ತಾ ಹೋಗುತ್ತಿತ್ತು. ಮಗುವಿಗೆ ಗೊಂದಲವಾದರೆ ಪ್ಯಾಪರ್ಟ್ ಕೊಡುತ್ತಿದ್ದ ಸಲಹೆ ಒಂದೇ, ನೀನೇ ಆಮೆಯಾಗಿ ನಡೆದು ನೋಡು. ಶಾಲೆಯಲ್ಲಿ ಲೋಗೋ ಕಲಿತ ನೆನಪು ನಿಮಗೂ ಇರಬಹುದು, ಸ್ಕ್ರೀನಿನ ಮೇಲೆ ಒಂದು ತ್ರಿಕೋನ ಓಡಾಡುತ್ತಿತ್ತಲ್ಲ, ಅದೇ ಆ ಆಮೆಯ ನೆರಳು. ನಮ್ಮಲ್ಲಿ ಆಮೆ ನೆಲದಿಂದ ಸ್ಕ್ರೀನಿಗೆ ಹತ್ತಿದ ಮೇಲೆ ನಡೆಯುವ ಭಾಗ ಬಿಟ್ಟೇಹೋಯಿತು, ಎಫ್‌ಡಿ 100 ಆರ್‌ಟಿ 90 (100 ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ) ಅಂತ ಬಾಯಿಪಾಠ ಮಾಡಿಸಿದರು. ಬಾಗಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಹಾಕುವ ಅಜ್ಜಿಯ ಜೊತೆ ಕೂರಿಸಿದ್ದರೆ ಇನ್ನೂ ಬೇಗ ಬರುತ್ತಿತ್ತು ಅನ್ನಿಸುತ್ತದೆ ನನಗೆ. ಎರಡು ಚುಕ್ಕಿ ಮುಂದೆ, ಬಲಕ್ಕೆ, ಎರಡು ಚುಕ್ಕಿ ಮುಂದೆ, ಬಲಕ್ಕೆ, ಇದೇ ನಾಲ್ಕು ಸಲ ಅಂದರೆ ಚೌಕ.

ಬಾಯಲ್ಲಿ ಹೇಳುವ ಆಟ ನಾಲ್ಕೈದು ದಿನ ಆಡಿದ ಮೇಲೆ ನಿಯಮ ಬದಲಿಸಿ. ಹಳೆಯ ಮದುವೆ ಕಾರ್ಡುಗಳನ್ನು ಕತ್ತರಿಸಿ ಒಂದೊಂದರ ಮೇಲೂ ಒಂದೊಂದು ಬಾಣ ಬರೆಯಿರಿ. ಈಗ ತಂಗಿ ಎಲ್ಲ ಕಾರ್ಡನ್ನೂ ಮೊದಲೇ ಸಾಲಾಗಿ ಜೋಡಿಸಬೇಕು, ಅಣ್ಣ ಒಂದೊಂದೇ ಓದಿಕೊಂಡು ನಡೆಯಬೇಕು, ನಡುವೆ ಅವಳು ಬಾಯಿ ಬಿಡುವ ಹಾಗಿಲ್ಲ. ಮಾತಿನ ಆಟಕ್ಕೂ ಕಾರ್ಡಿನ ಆಟಕ್ಕೂ ಅಜಗಜಾಂತರ. ಇಷ್ಟು ಹೊತ್ತು ಅವಳು ರಿಮೋಟ್ ಹಿಡಿದಿದ್ದಳು, ಈಗ ಪ್ರೋಗ್ರಾಮ್ ಬರೆಯುತ್ತಿದ್ದಾಳೆ. ರೋಬೋಟ್ ದಿಂಬು ಹತ್ತಿದರೆ ತಪ್ಪಿರುವುದು ಯಾವ ಕಾರ್ಡಿನಲ್ಲಿ ಅಂತ ಹುಡುಕಬೇಕು. ಎಲ್ಲ ಕಾರ್ಡನ್ನೂ ಕಲಸಿ ಹೊಸದಾಗಿ ಶುರು ಮಾಡಲು ಹೊರಡುತ್ತಾಳೆ, ಆಗ ಮಾತ್ರ ತಡೆಯಿರಿ. ಕಾರ್ಡಿನ ಮೇಲೆ ಬೆರಳಿಟ್ಟು "ಇಲ್ಲಿವರೆಗೂ ಸರಿ ಇತ್ತಾ?" ಅಂತ ಕೇಳಿ ಸಾಕು. ಅಣ್ಣ ತಂಗಿಯನ್ನು ಸೇರಿಸಲ್ಲ ಅಂದಿರಲ್ಲ, ಅವಳು ಬರೆದದ್ದನ್ನು ಅವನು ತುಟಿಪಿಟಕ್ಕೆನ್ನದೆ ಪಾಲಿಸುವ ಆಟ ಇದು. ಎರಡನೇ ದಿನ ತನಗೂ ಸರದಿ ಬೇಕು ಅಂತ ಅವನೇ ಜಗಳಕ್ಕೆ ಬರುತ್ತಾನೆ.

ಇನ್ನು ಮಗನ ಗಾಡಿ. ಅಟ್ಟದಿಂದ ಇಳಿಸಿ, ಜೋಡಿಸಿದ್ದನ್ನೆಲ್ಲ ಬಿಚ್ಚಿ. ಬಿಚ್ಚುವವನು ಅವನೇ, ನೀವು ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಹಾಕಿಕೊಳ್ಳಿ. ಆರ್ಡುಯಿನೋ, ಮೋಟರಿಗೆ ಕರೆಂಟ್ ಕೊಡುವ ಡ್ರೈವರ್ ಬೋರ್ಡ್, ಸೆನ್ಸರ್ ಮೂರನ್ನೂ ಡಬ್ಬಿಗೆ ಹಾಕಿ ಪಕ್ಕಕ್ಕಿಡಿ. ಬೇಕಾಗಿರುವುದು ಹಲಗೆ, ಬಿಒ ಅಂತ ಕರೆಯುವ ಆ ಹಳದಿ ಮೋಟರ್ ಎರಡು, ಚಕ್ರ ಎರಡು, ಮುಂದಿನ ಪುಟ್ಟ ಉರುಳು ಚಕ್ರ. ಇದರ ಜೊತೆ ಎಲೆಕ್ಟ್ರಿಕಲ್ ಅಂಗಡಿಯಿಂದ ಎರಡು ಕಾಲಿಂಗ್ ಬೆಲ್ ಸ್ವಿಚ್ ತನ್ನಿ. ತಮಾಷೆ ಅಲ್ಲ. ಒಂದು ಸ್ವಿಚ್ ಎಡ ಮೋಟರಿಗೆ, ಇನ್ನೊಂದು ಬಲ ಮೋಟರಿಗೆ, ಒಂದೂವರೆ ಮೀಟರ್ ವೈರ್ ಬಿಟ್ಟು ಸೆಲ್ ಬಾಕ್ಸಿಗೆ ಸೇರಿಸಿದರೆ ವೈರಿರುವ ರಿಮೋಟ್ ಗಾಡಿ ತಯಾರು. ಒಂದೇ ಎಚ್ಚರಿಕೆ, ಮೋಟರಿನ ತಾಮ್ರದ ಕಿವಿಗಳು ತುಂಬಾ ತೆಳು. ಎರಡು ಸಲ ವೈರ್ ತಿರುಚಿದರೆ ಕಿತ್ತು ಬರುತ್ತವೆ. ಟಿವಿ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕಿಸಿಕೊಳ್ಳಿ, ಎರಡು ನಿಮಿಷದ ಕೆಲಸ. ಮಗನನ್ನೂ ಕರೆದುಕೊಂಡು ಹೋಗಿ, ಬೆಸುಗೆ ಹೊಗೆ ನೋಡುವುದೂ ಪಾಠವೇ.

ಗಾಡಿ ಕೆಳಗಿಟ್ಟು ಬಲಗಡೆ ಸ್ವಿಚ್ ಒತ್ತಲು ಹೇಳಿ. ಗಾಡಿ ಎಡಕ್ಕೆ ತಿರುಗುತ್ತದೆ. ಹತ್ತರಲ್ಲಿ ಒಂಬತ್ತು ಮಕ್ಕಳು "ವೈರ್ ಉಲ್ಟಾ ಕೊಟ್ಟಿದ್ದೀವಿ" ಅಂತ ಬಿಚ್ಚಲು ಹೋಗುತ್ತಾರೆ, ಬಿಚ್ಚಲಿ ಬಿಡಿ. ಎರಡೂ ಸ್ವಿಚ್ ಒತ್ತಿದಾಗ ಒಂದು ಚಕ್ರ ಮುಂದೆ, ಒಂದು ಹಿಂದೆ ಹೋಗಿ ಗಾಡಿ ಇದ್ದಲ್ಲೇ ಗಿರಗಿರ ಸುತ್ತಬಹುದು. ಆ ಮೋಟರಿನ ಎರಡು ವೈರ್ ಅದಲುಬದಲು ಮಾಡಿದರೆ ಸರಿಯಾಗುತ್ತದೆ, ಆದರೆ ನೀವು ಹೇಳಬೇಡಿ. ನಿಮಗೆ ಉತ್ತರ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದಿತ್ತು, ಈಗ ನಾನು ಹೇಳಿ ಕೆಡಿಸಿದೆ.

ಆಮೇಲೆ ಬರುತ್ತದೆ ಅಸಲಿ ಸಮಸ್ಯೆ. ಎರಡೂ ಸ್ವಿಚ್ ಒತ್ತಿ ಹಿಡಿದರೂ ಗಾಡಿ ನೆಟ್ಟಗೆ ಹೋಗುವುದಿಲ್ಲ! ನಿಮ್ಮದು ಅಡ್ಡಾದಿಡ್ಡಿ ಓಡಿತು ಅಂದಿರಲ್ಲ, ಎಲ್ಲರದ್ದೂ ಹಾಗೇ ಓಡುತ್ತದೆ. ನನ್ನ ಪ್ರಕಾರ ಈ ಅಗ್ಗದ ಮೋಟರಿನ ದೊಡ್ಡ ಗುಣವೇ ಇದು. ಎರಡು ಮೋಟರ್ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಚಕ್ರ ಸ್ವಲ್ಪ ಸೊಟ್ಟ ಕೂತಿರಬಹುದು. ಸೆಲ್ ಬಾಕ್ಸಿನ ಭಾರ ಒಂದೇ ಕಡೆ ಇರಬಹುದು. ಉರುಳು ಚಕ್ರಕ್ಕೆ ಕೂದಲು ಸುತ್ತಿಕೊಂಡಿರಬಹುದು, ನಮ್ಮ ಮನೆಗಳಲ್ಲಿ ಇದು ಸರ್ವೇಸಾಮಾನ್ಯ. ಇಷ್ಟರಲ್ಲಿ ಕಾರಣ ಯಾವುದು? ನೆಲದ ಮೇಲೆ ಟೈಲ್ಸ್ ಗೆರೆ ಇದೆ, ಗಾಡಿಯನ್ನು ಗೆರೆ ಮೇಲಿಟ್ಟು ನಾಲ್ಕು ಟೈಲ್ಸ್ ದೂರ ಓಡಿಸಿ, ಎಷ್ಟು ಬೆರಳು ಆಚೆ ಹೋಯಿತು ಅಂತ ಬರೆದುಕೊಳ್ಳಲಿ. ಮೂರು ಸಲ ಓಡಿಸಲಿ. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ. ಎಡದ ಮೋಟರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಓಡಿಸಿದಾಗ ಗಾಡಿ ವಾಲುವ ದಿಕ್ಕೂ ಬದಲಾದರೆ ತಪ್ಪು ಮೋಟರಿನದು. ಬದಲಾಗದಿದ್ದರೆ ಮೋಟರ್ ಪಾಪ, ಬೇರೆ ಎಲ್ಲೋ ಇದೆ. ಒಬ್ಬ ಹುಡುಗ ಮೂರು ವಾರ ಇದಕ್ಕೇ ಅಂಟಿಕೊಂಡು ಕೂತಿದ್ದ. ಕೊನೆಗೆ ಜೋರಾಗಿ ಓಡುವ ಕಡೆ ಸೆಲ್ ಬಾಕ್ಸ್ ಸರಿಸಿ, ಆ ಚಕ್ರದ ಮೇಲೆ ಭಾರ ಬೀಳುವ ಹಾಗೆ ಮಾಡಿ ಸುಮಾರಾಗಿ ನೆಟ್ಟಗೆ ಮಾಡಿದ. ಅವರಮ್ಮ ಬಂದು "ಮೂರು ವಾರದಿಂದ ಅದೇ ಗಾಡಿ ಇಟ್ಕೊಂಡಿದ್ದಾನಲ್ಲ, ಮುಂದಿನ ಪಾಠ ಯಾವಾಗ?" ಅಂತ ಕೇಳಿದರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಈ ಗಾಡಿ ಕೈಗೆ ಹತ್ತಿದ ಮೇಲೆ ಪ್ರೋಗ್ರಾಮಿಂಗ್. ಒಂದೆರಡು ತಿಂಗಳು ಹಿಡಿಯಬಹುದು, ಅವಸರ ಏನಿಲ್ಲ. ಹತ್ತು ವರ್ಷದವನಿಗೆ ಆರ್ಡುಯಿನೋದಲ್ಲಿ ಟೈಪ್ ಮಾಡಿಸಬೇಡಿ. ಒಂದು ಸೆಮಿಕೋಲನ್ ಬಿಟ್ಟರೆ ಕೆಂಪಕ್ಷರದಲ್ಲಿ ಅರ್ಧ ಪುಟ ಬೈಗುಳ ಬರುತ್ತದೆ, ಅದೂ ಇಂಗ್ಲಿಷಿನಲ್ಲಿ. ಅವನಿಗೆ ಮೈಕ್ರೋಬಿಟ್ ಸರಿ. 2016ರಲ್ಲಿ ಬಿಬಿಸಿಯವರು ಬ್ರಿಟನ್ನಿನ ಹನ್ನೊಂದು ಹನ್ನೆರಡು ವರ್ಷದ ಸುಮಾರು 10 ಲಕ್ಷ ಮಕ್ಕಳಿಗೆ ಪುಕ್ಕಟೆ ಹಂಚಿದ ಬೋರ್ಡ್ ಇದು. ಬೆಂಕಿಪೊಟ್ಟಣದಷ್ಟಿದೆ. ಮುಖದ ಮೇಲೆ 25 ಪುಟ್ಟ ದೀಪ, ಎರಡು ಬಟನ್, ಅಲುಗಾಡಿಸಿದರೆ ಗೊತ್ತಾಗುವ ಸೆನ್ಸರ್. ಬಣ್ಣದ ಬ್ಲಾಕ್‌ಗಳನ್ನು ಎಳೆದು ಜೋಡಿಸಿದರೆ ಪ್ರೋಗ್ರಾಮ್. ಮೋಟರನ್ನು ಇದಕ್ಕೆ ನೇರವಾಗಿ ಕೊಡಬೇಡಿ, ನಡುವೆ ಮೋಟರ್ ಬೋರ್ಡ್ ಬೇಕು. ದುಡ್ಡು ಖರ್ಚು ಮಾಡುವ ಮನಸ್ಸಿಲ್ಲದಿದ್ದರೆ ಇರುವ ಆರ್ಡುಯಿನೋಗೇ ಎಂಬ್ಲಾಕ್‌ನಂಥ ಬ್ಲಾಕ್ ಸಾಫ್ಟ್‌ವೇರ್ ಬಳಸಬಹುದು, ನಡೆಯುತ್ತದೆ. ಆದರೆ ಮೈಕ್ರೋಬಿಟ್‌ನಲ್ಲಿ ಆರು ವರ್ಷದವಳೂ ಮೊದಲ ದಿನವೇ ಒಂದು ನಗುಮುಖ ಬೆಳಗಿಸಬಹುದು ನೋಡಿ, ಅದಕ್ಕೇ ನನ್ನ ಓಟು ಅದಕ್ಕೆ.

ಬ್ಲಾಕ್ ಜೋಡಿಸುವ ಮೊದಲು ಏನು ಮಾಡಬೇಕು ಅಂತ ಕನ್ನಡದಲ್ಲೇ ಬಾಯಿಬಿಟ್ಟು ಹೇಳಿಸಿ. ಇದನ್ನು ಭಾಷಾಭಿಮಾನಕ್ಕೆ ಹೇಳುತ್ತಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಸೆನ್ಸರ್ ಹಾಕಿದ ಮೇಲೆ ಎಲ್ಲ ಮಕ್ಕಳಿಗೂ ಮೊದಲು ಬೇಕಾಗುವುದು ಗೋಡೆ ಹತ್ತಿರ ನಿಲ್ಲುವ ಗಾಡಿ. ಮಗು "ಗೋಡೆ ಬಂದರೆ ನಿಲ್ಲು" ಅನ್ನುತ್ತದೆ. ಹಾಗೇ ಬ್ಲಾಕ್ ಜೋಡಿಸುತ್ತದೆ. ಗಾಡಿ ಹೋಗಿ ಗೋಡೆಗೆ ಢೀ ಅಂತ ಗುದ್ದುತ್ತದೆ. ಯಾಕೆ? ಗಾಡಿ ಹೊರಡುವಾಗ ಒಂದೇ ಒಂದು ಸಲ ನೋಡಿತು. ಗೋಡೆ ದೂರ ಇತ್ತು. ಸರಿ ಅಂತ ಹೊರಟಿತು, ಮತ್ತೆ ನೋಡಲೇ ಇಲ್ಲ. ನಾವು "ಮಳೆ ಬಂದರೆ ಬಟ್ಟೆ ಒಳಗೆ ತೆಗಿ" ಅಂದರೆ ಆಗಾಗ ಕಿಟಕಿ ಕಡೆ ಒಂದು ಕಣ್ಣಿಟ್ಟಿರು ಅನ್ನುವುದೂ ಅದರಲ್ಲೇ ಬಂತು, ಗಾಡಿಗೆ ಅದು ಬರಲಿಲ್ಲ. "ಗೋಡೆ ಸಿಗುವವರೆಗೂ ನೋಡ್ತಾ ಹೋಗು" ಅಂತ ಮಗುವೇ ಮಾತು ತಿದ್ದಿಕೊಂಡ ದಿನ, ಬಂದರೆ ಅನ್ನುವುದಕ್ಕೂ ಸಿಗುವವರೆಗೂ ಅನ್ನುವುದಕ್ಕೂ ಎರಡು ಬೇರೆ ಬ್ಲಾಕ್ ಯಾಕಿವೆ ಅಂತ ನೀವು ವಿವರಿಸಬೇಕಾಗಿಲ್ಲ.

ನಿಮ್ಮ ಕಿಟ್ಟಿನ ಸೆನ್ಸರಿಗೆ ಎರಡು ಬೆಳ್ಳಿ ಬಣ್ಣದ ಕಣ್ಣಿದ್ದರೆ ಅದು ಕಣ್ಣಲ್ಲ. ಒಂದು ಬಾಯಿ, ಒಂದು ಕಿವಿ. ನಮ್ಮ ಕಿವಿಗೆ 20,000 ಹರ್ಟ್ಜ್‌ವರೆಗೆ ಕೇಳಿಸಿದರೆ ಅದು ಕೂಗುವುದು 40,000ದಲ್ಲಿ, ಬಾವಲಿ ಥರ. ಒಂದು ಮೀಟರ್ ದೂರದ ಗೋಡೆಗೆ ಹೋಗಿ ಬರಲು ಆ ಕೂಗಿಗೆ ಸುಮಾರು 6 ಮಿಲಿಸೆಕೆಂಡ್ ಸಾಕು. ಗೋಡೆಯ ಬದಲು ದಿಂಬು ಹಿಡಿದು ನೋಡಿ, ಓರೆಯಾಗಿ ರಟ್ಟು ಹಿಡಿದು ನೋಡಿ, ಗಾಡಿ ಮೋಸಹೋಗುತ್ತದೆ. ಈ ಮೋಸಗೊಳಿಸುವ ಕೆಲಸಕ್ಕೆ ತಂಗಿಯನ್ನು ಕರೆಯಿರಿ, ಅವಳನ್ನು ಮೀರಿಸುವವರಿಲ್ಲ.

ಕ್ಲಾಸಿಗೆ ಸೇರಿಸಲಾ ಅಂತ ಕೇಳಿದಿರಿ. ಸೇರಿಸಬೇಡಿ ಅಂತ ಸಾರಾಸಗಟಾಗಿ ಹೇಳಲ್ಲ, ಒಳ್ಳೆಯ ಮೇಷ್ಟರೂ ಇದ್ದಾರೆ. ದುಡ್ಡು ಕಟ್ಟುವ ಮೊದಲು ಒಂದು ದಿನ ಕ್ಲಾಸ್ ನಡೆಯುವಾಗ ಹೋಗಿ ಹಿಂದೆ ಕೂತುಕೊಳ್ಳಿ. ಡೆಮೊ ಕ್ಲಾಸಿಗಲ್ಲ, ಮಾಮೂಲಿ ದಿನಕ್ಕೆ. ಒಂದು ಕಿಟ್ಟಿಗೆ ನಾಲ್ಕೈದು ಮಕ್ಕಳಿದ್ದು ಒಬ್ಬನೇ ಜೋಡಿಸುತ್ತಾ ಉಳಿದವರು ಬಗ್ಗಿ ನೋಡುತ್ತಿದ್ದರೆ ವಾಪಸ್ ಬನ್ನಿ. ಗಾಡಿ ಓಡದಿದ್ದಾಗ ಮೇಷ್ಟರು ತಾವೇ ಕೈ ಹಾಕಿ ಸರಿಮಾಡಿ ಕೊಟ್ಟರೂ ಅಷ್ಟೇ. ಎಲ್ಲರ ರೋಬೋಟೂ ಅಚ್ಚಿಗೆ ಹಾಕಿದ ಹಾಗೆ ಒಂದೇ ಥರ ಇದ್ದರೆ ಅಲ್ಲಿ ಕಲಿಯುತ್ತಿರುವುದು ಸ್ಕ್ರೂ ತಿರುಗಿಸುವುದನ್ನು. ಒಮ್ಮೆ ಒಂದು ಶಾಲೆಯ ವಸ್ತುಪ್ರದರ್ಶನಕ್ಕೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಹೊಳೆ ಕಸ ತೆಗೆಯುವ ರೋಬೋಟ್ ಇಟ್ಟಿದ್ದ ಹುಡುಗ ಗಿಳಿಪಾಠ ಒಪ್ಪಿಸಿದ, ಚೆನ್ನಾಗೇ ಒಪ್ಪಿಸಿದ. ಈ ವೈರ್ ಕಿತ್ತರೆ ಏನಾಗುತ್ತದೆ ಅಂತ ಕೇಳಿದೆ. ಗಾಬರಿಯಾಗಿ ಹಿಂದೆ ನಿಂತಿದ್ದ ಅಪ್ಪನ ಮುಖ ನೋಡಿದ. ಆ ಪ್ರಶ್ನೆ ಯಾಕಾದರೂ ಕೇಳಿದೆನೋ ಅಂತ ಇವತ್ತಿಗೂ ಅನ್ನಿಸುತ್ತದೆ.

ಮಗ ಆರನೇ ಕ್ಲಾಸಿಗೆ ಬಂದಾಗ ಇನ್ನೊಂದು ದಾರಿ ಇದೆ. ಮಕ್ಕಳು ಕೈಯಾರೆ ಮಾಡಿ ಕಲಿಯಲು ಶಾಲೆಯಲ್ಲೇ ಇರುವ ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಇರುವುದು 6ರಿಂದ 12ನೇ ತರಗತಿಯ ಮಕ್ಕಳಿಗೆ. ಆಯ್ಕೆಯಾದ ಶಾಲೆಗೆ 20 ಲಕ್ಷದವರೆಗೆ ಅನುದಾನ ಕೊಟ್ಟು ದೇಶದಲ್ಲಿ 10,000ದಷ್ಟು ಲ್ಯಾಬ್ ಮಾಡಿದ್ದಾರೆ, ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಮಾಡುತ್ತೇವೆ ಅಂತ 2025ರ ಬಜೆಟ್ಟಿನಲ್ಲಿ ಹೇಳಿದ್ದಾರೆ. ನಿಮ್ಮ ಸುತ್ತಮುತ್ತ ಯಾವ ಶಾಲೆಯಲ್ಲಿದೆ ವಿಚಾರಿಸಿ. ಇದ್ದರೆ ಅದರ ಬೀಗ ತೆಗೆಯುತ್ತಾರಾ ಅನ್ನುವುದನ್ನೂ ವಿಚಾರಿಸಿ.

ಆರು ವರ್ಷದ ಮಗು ಇರುವ ಮನೆ ಅಂದಿರಿ, ಅದಕ್ಕೆ ಇದನ್ನು ಹೇಳದೆ ಬಿಡುವ ಹಾಗಿಲ್ಲ. ಬಟನ್ ಸೆಲ್ (ಗುಂಡಿಯ ಹಾಗೆ ಚಪ್ಪಟೆಯಾದ ಪುಟ್ಟ ಸೆಲ್) ಮನೆಯಲ್ಲಿ ಬಿಡಿಯಾಗಿ ಇಡಬೇಡಿ. ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಬಹುದು, ಬಾಳೆಹಣ್ಣು ತಿನ್ನಿಸಿ ಕಾಯುವ ವಿಷಯ ಅಲ್ಲ, ತಕ್ಷಣ ಆಸ್ಪತ್ರೆ. ಲ್ಯಾಪ್‌ಟಾಪ್ ಬ್ಯಾಟರಿಯಿಂದ ತೆಗೆದ ಉದ್ದನೆಯ ಲಿಥಿಯಂ ಸೆಲ್‌ಗಳನ್ನು ಅಗ್ಗಕ್ಕೆ ಮಾರುತ್ತಾರೆ, ಮಕ್ಕಳ ಗಾಡಿಗೆ ಅದು ಬೇಡವೇ ಬೇಡ. ಎರಡು ತುದಿಗೂ ಒಂದೇ ವೈರ್ ತಾಗಿದರೆ ಬೆಂಕಿ ಹತ್ತಬಹುದು. ಎಎ ಸೆಲ್ ಶಾರ್ಟ್ ಆದರೂ ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುವವರೆಗೆ ಕಾಯದೆ ಮುಟ್ಟಿ ನೋಡುವುದನ್ನು ಕಲಿಸಿ, ಬೆಚ್ಚಗಾದರೆ ಮೊದಲು ಸೆಲ್ ಕೀಳಬೇಕು.

ಸಾಮಾನು ಹಾಸನದಲ್ಲೇ ಸಿಗುತ್ತದೆ, ಸಿಗದಿದ್ದರೆ ಬೆಂಗಳೂರಿಗೆ ಹೋಗುವವರ ಹತ್ತಿರ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಿಂದ ತರಿಸಿ. ಹೊಸ ಕಿಟ್ ಬೇಡ. ಎಂಟು ಎಎ ಸೆಲ್, ಬೆಲ್ ಸ್ವಿಚ್ ಎರಡು, ಎರಡು ಬಣ್ಣದ ವೈರ್, ಮುರಿದರೆ ಇರಲಿ ಅಂತ ಒಂದು ಜೊತೆ ಬಿಒ ಮೋಟರ್. ನಾಲ್ಕು ಸೆಲ್ಲಿನ ಬಾಕ್ಸ್ ತರುವಾಗ ಆನ್ ಆಫ್ ಸ್ವಿಚ್ ಇರುವುದನ್ನೇ ಕೇಳಿ ತನ್ನಿ. ಸ್ವಿಚ್ ಇಲ್ಲದ್ದು ಹತ್ತು ರೂಪಾಯಿ ಕಡಿಮೆಗೆ ಸಿಗುತ್ತದೆ, ಆಮೇಲೆ ಪ್ರತಿ ಸಲ ಗಾಡಿ ನಿಲ್ಲಿಸಲು ಉಗುರಿನಲ್ಲಿ ಸೆಲ್ ಕೀಳುತ್ತಾ ಕೂರಬೇಕಾಗುತ್ತದೆ.